ಸೂರಿನ ಕೆಳಗೆ ನಿಲ್ಲುವ ಕೆಲಸ

ಈ ಊರಲ್ಲಿ ಯಾರಿಗಾದರೂ ಮನೆ ಕಟ್ಟುವ ಯೋಚನೆ ಬಂದರೆ ಮೊದಲು ಬರುವುದು ನನ್ನ ಹತ್ತಿರ. ಮೇಸ್ತ್ರಿ ಆಮೇಲೆ, ಪುರೋಹಿತರು ಅದಕ್ಕೂ ಆಮೇಲೆ. ನಾನು ಹೊಂಬಾಳಮ್ಮ. ಯಾವ ಮನೆಗೆ ಯಾವ ಆಳು ಹೊಂದುತ್ತಾನೆ, ಯಾವ ಮೇಸ್ತ್ರಿಯ ಕೈಕೆಳಗೆ ಯಾರು ಬಾಳುತ್ತಾರೆ ಎಂದು ನೋಡಿ ಕೆಲಸಕ್ಕೆ ಹಚ್ಚುವವಳು. ಹರೆಯದಲ್ಲಿ ಗಾರೆ ಬಾಂಡ್ಲಿ ಹೊತ್ತೆ. ಈಗ ಸುಣ್ಣದ ಗೂಡಿನ ಪಕ್ಕದ ಕಟ್ಟೆಯ ಮೇಲೆ ಕೂತು ಬಾಯಲ್ಲೇ ಕೆಲಸ ಮಾಡುತ್ತೇನೆ. ನನ್ನ ಬಾಯಿ ದೊಡ್ಡದು ಎಂದು ಊರವರು ಆಡಿಕೊಳ್ಳುತ್ತಾರೆ. ಸಣ್ಣ ಬಾಯಿ ಇಟ್ಟುಕೊಂಡು ಯಾರಾದರೂ ಈ ಕೆಲಸ ಮಾಡಿ ತೋರಿಸಲಿ, ನೋಡೋಣ.

ನಮ್ಮಲ್ಲಿ ಮನೆ ಶುರುವಾಗುವುದು ಸೂರಿನಿಂದ. ತೊಲೆ, ರೀಪು, ಹೆಂಚು ಎಲ್ಲ ಜೋಡಿಸಿದ ಸೂರನ್ನು ಸೊಂಟದೆತ್ತರದ ಕಲ್ಲುಗಳ ಮೇಲೆ ಸಿದ್ಧ ಮಾಡಿಡುತ್ತಾರೆ. ಒಳ್ಳೆಯ ದಿನ ನೋಡಿ ಮನೆಯವರು, ನೆಂಟರು, ಬೇಕಾದವರು ಅದರ ಕೆಳಗೆ ನುಸುಳಿ ನಿಲ್ಲುತ್ತಾರೆ. ಸೂರು ಏಳುತ್ತದೆ. ಕೆಳಗೆ ಜನ ಹೆಚ್ಚಿದಷ್ಟೂ ಮೇಲಕ್ಕೆ ಹೋಗುತ್ತದೆ, ಯಾರಾದರೂ ಹೊರಗೆ ಬಂದರೆ ಅಷ್ಟು ಕೆಳಗಿಳಿಯುತ್ತದೆ. ಅದು ಹಾಗೆ ಗಾಳಿಯಲ್ಲಿ ನಿಂತಿರುವಾಗ ಮೇಸ್ತ್ರಿ ಮತ್ತು ಅವನ ಆಳುಗಳು ಹೊರಗಿನಿಂದ ಈಶಾನ್ಯ ಮೂಲೆಯಲ್ಲಿ ಗೋಡೆ ಇಳಿಸುತ್ತಾರೆ. ಸೂರಿಗೆ ಒಂದು ಇಟ್ಟಿಗೆ, ಆ ಇಟ್ಟಿಗೆಯ ಕೆಳಗೆ ಇನ್ನೊಂದು, ಹೀಗೆ ನೆಲದ ತನಕ. ಆ ಮೂಲೆ ನೆಲ ಮುಟ್ಟಿತೆಂದರೆ ಸೂರಿನ ಎತ್ತರ ಗಟ್ಟಿಯಾಯಿತು. ಅಲ್ಲಿಯ ತನಕ ಕೆಳಗಿದ್ದವರು ಕದಲಬಾರದು. ಉಳಿದ ಗೋಡೆಗಳನ್ನು ನಿಧಾನವಾಗಿ ಇಳಿಸಬಹುದು, ಪಾಯ ತೋಡುವುದು ಎಲ್ಲಕ್ಕಿಂತ ಕೊನೆಗೆ.

ಹಾಗಾಗಿ ನಮ್ಮೂರಲ್ಲಿ ಯಾರಿಗೆ ಎಷ್ಟು ಜನ ಇದ್ದಾರೆ ಎಂದು ಕೇಳಬೇಕಾಗಿಲ್ಲ, ಮನೆಯೊಳಗೆ ಹೋಗಿ ತಲೆಯೆತ್ತಿ ನೋಡಿದರೆ ಸಾಕು. ದೊಡ್ಡ ಬಳಗದವರ ಮನೆಯಲ್ಲಿ ಜೇಡರಬಲೆ ತೆಗೆಯಲು ಏಣಿ ಬೇಕು. ನನ್ನ ಮನೆಗೆ ನಿಂತವರು ನನ್ನ ಗಂಡ ಮತ್ತು ಅವನೊಂದಿಗೆ ಮಾತು ಬಿಟ್ಟಿದ್ದ ಅವನ ತಂಗಿ. ಗಂಡ ತೀರಿಹೋದ ಮೇಲೂ ನಾನು ನನ್ನ ಮನೆಯಲ್ಲಿ ಬಗ್ಗಿಯೇ ಓಡಾಡುತ್ತೇನೆ. ಅದಕ್ಕೇ ಇರಬೇಕು, ಹೊರಗೆ ಬಂದಾಗ ಇಷ್ಟು ಸೆಟೆದುಕೊಂಡು ನಡೆಯುವುದು.

ಹೋದ ಬೇಸಗೆಯಲ್ಲಿ ಹೊಳೆಯಾಚೆಯ ಸೀಮೆಯಿಂದ ಜನ ಬಂದರು. ಅಲ್ಲಿ ಯುದ್ಧ. ಯಾರ್ಯಾರ ನಡುವೆ, ಯಾಕೆ ಎಂದು ಬಂದವರಿಗೇ ಸರಿಯಾಗಿ ಗೊತ್ತಿರಲಿಲ್ಲ. ನಮ್ಮ ಪಂಚಾಯ್ತಿಯವರು ಹಳೇ ಸಂತೆಮಾಳದ ಶೆಡ್ಡುಗಳನ್ನು ಬಿಟ್ಟುಕೊಟ್ಟರು, ಜೊತೆಗೆ ಒಂದು ಮಾತನ್ನೂ ಹೇಳಿದರು. ಮೊದಲ ಮಳೆ ಬೀಳುವುದರೊಳಗೆ ಊರಲ್ಲಿ ಕೆಲಸ ಹಿಡಿದವರು ಇರಬಹುದು. ಹಿಡಿಯದವರನ್ನು ಗಾಡಿ ಹತ್ತಿಸಿ ಉಪ್ಪಿನ ಬಯಲಿಗೆ ಕಳಿಸುತ್ತಾರೆ. ಉಪ್ಪಿನ ಬಯಲಲ್ಲಿ ಒಂದು ಮರವಿಲ್ಲ, ಸಿಹಿನೀರಿಲ್ಲ. ಅಲ್ಲಿಗೆ ಹೋದವರು ವಾಪಸು ಬಂದದ್ದನ್ನು ನಾನು ಕಂಡಿಲ್ಲ. ನಮ್ಮೂರಲ್ಲಿ ಹೊಸಬರಿಗೆ ಸಿಗುವುದು ಕಟ್ಟಡದ ಕೆಲಸ ಒಂದೇ. ಅಂದರೆ ಅವರು ನನ್ನ ಕಟ್ಟೆಗೇ ಬರಬೇಕಿತ್ತು.

ಮೊದಲು ಬಂದವನು ದ್ಯಾಮಣ್ಣ. ಜೊತೆಗೆ ಅವನ ಅಕ್ಕ ಫಕೀರವ್ವ. ಅವನು ನೆಲ ನೋಡುತ್ತಾ ನಿಂತರೆ ಅವಳು ನನ್ನನ್ನು ಮೇಲಿಂದ ಕೆಳಗೆ ಅಳೆಯುತ್ತಾ ನಿಂತಳು. ನನಗೆ ಅವಳು ಆಗಲೇ ಹಿಡಿಸಿದಳು.

"ನಾ ಗೌಂಡಿ ಅದೀನ್ರಿ ಅಕ್ಕಾರ," ಎಂದ ದ್ಯಾಮಣ್ಣ. "ಗ್ವಾಡಿ ಕಟ್ಟೂದು ನಮ್ಮಪ್ಪನ ಕಾಲದಿಂದ ಬಂದದ್ದು. ನಮ್ಮ ಊರಾಗ ಒಂದು ಓಣಿಗೆ ಓಣೀನ ನನ್ನ ಕೈಯಾಗ ಎದ್ದಿತ್ತು."

"ಅದನ್ನೆಲ್ಲಾ ಈಗ್ಯಾಕ ಹೇಳ್ತಿ," ಎಂದಳು ಫಕೀರವ್ವ. "ಕೈ ತೋರಸು."

ಕೈ ತೋರಿಸಿದ. ಸುಣ್ಣ ತಿಂದ ಬೆರಳು, ಕರಣೆ ಹಿಡಿದು ಗಟ್ಟಿಯಾದ ಹಸ್ತ. ಸುಳ್ಳು ಹೇಳುವ ಕೈಯಲ್ಲ. ನಾನು ಮರುಮಾತಿಲ್ಲದೆ ಅವನನ್ನು ಸಣ್ಣತಮ್ಮಯ್ಯ ಮೇಸ್ತ್ರಿಗೆ ಗೊತ್ತು ಮಾಡಿದೆ. ಸಣ್ಣತಮ್ಮಯ್ಯ ಆಗಷ್ಟೇ ಚಿಕ್ಕೀರಯ್ಯನ ಮನೆಯ ಕೆಲಸ ಒಪ್ಪಿಕೊಂಡಿದ್ದ. ಬೆಳಗಾಗುತ್ತಲೇ ಹೋಗು, ಮೇಸ್ತ್ರಿ ಹೇಳಿದ ಹಾಗೆ ಕೇಳು, ಬೀಡಿ ಸೇದಬೇಡ ಎಂದೆಲ್ಲ ದ್ಯಾಮಣ್ಣನಿಗೆ ಹೇಳಿ ಕಳಿಸಿದೆ. ಸೂರು ಮೊದಲು ಎಂದು ಹೇಳಲಿಲ್ಲ. ನೀರಿಗೆ ಇಳಿದರೆ ಒದ್ದೆಯಾಗುತ್ತೀಯ ಎಂದು ಯಾರಾದರೂ ಹೇಳಿ ಕಳಿಸುತ್ತಾರೆಯೇ?

ಮಾರನೆಯ ದಿನ ಅವನು ಎಲ್ಲರಿಗಿಂತ ಮುಂಚೆ ಹೋಗಿದ್ದಾನೆ. ಖಾಲಿ ಸೈಟು, ಪಕ್ಕದಲ್ಲಿ ಗುದ್ದಲಿ. ಸುಮ್ಮನೆ ಕೂರುವುದೇಕೆ, ಹೊಸ ಮೇಸ್ತ್ರಿಗೆ ಕೈಚಳಕ ತೋರಿಸೋಣ ಎಂದು ಪಾಯ ತೋಡಲು ಶುರುಮಾಡಿದ್ದಾನೆ. ಒಳ್ಳೆಯ ಪಾಯವೇ, ದಾರ ಹಿಡಿದ ಹಾಗೆ ನೇರ, ಎದೆಯುದ್ದ ಆಳ. ಆದರೆ ನಮ್ಮೂರಲ್ಲಿ ಮೇಲೆ ಸೂರಿಲ್ಲದೆ ನೆಲ ತೋಡುವುದು ಒಂದಕ್ಕೇ. ಸತ್ತವರನ್ನು ಮಣ್ಣು ಮಾಡುವುದಕ್ಕೆ.

ಚಿಕ್ಕೀರಯ್ಯ ಮತ್ತು ಅವನ ಹೆಂಡತಿ ಪುಟ್ಟಸಿದ್ದಮ್ಮ ಅರಿಶಿನ ಕುಂಕುಮದ ತಟ್ಟೆ ಹಿಡಿದು ಬಂದರು. ಗುಂಡಿ ನೋಡಿದ ಪುಟ್ಟಸಿದ್ದಮ್ಮನ ಕೈಯಿಂದ ತಟ್ಟೆ ಜಾರಿತು. "ಯಾರಿಗಯ್ಯ ಇದು?" ಎಂದು ಚೀರಿದಳು.

ದ್ಯಾಮಣ್ಣ ಬೆವರು ಒರೆಸಿಕೊಂಡು ನಕ್ಕ. "ಮತ್ತ್ಯಾರಿಗ್ರಿ? ನಿಮಗ! ಗಟ್ಟಿ ಮಾಡೀನ್ರಿ, ನಿಮ್ಮ ಮೊಮ್ಮಕ್ಕಳಿಗೂ ಸಾಕಾಗ್ತೈತಿ."

ನಾನು ಓಡಿಬರುವಷ್ಟರಲ್ಲಿ ಪುಟ್ಟಸಿದ್ದಮ್ಮ ಪ್ರಜ್ಞೆ ತಪ್ಪಿ ಬಿದ್ದು, ಎದ್ದು, ಮತ್ತೆ ಬಿದ್ದಿದ್ದಳು. ಚಿಕ್ಕೀರಯ್ಯ ಊರಿಗೇ ಉದ್ದದ ಮನುಷ್ಯ. ಅಷ್ಟುದ್ದದ ಆಳು ಕೋಳಿಮರಿಯ ಹಾಗೆ ನಡುಗುತ್ತಿದ್ದ. ಸಣ್ಣತಮ್ಮಯ್ಯ ದ್ಯಾಮಣ್ಣನಿಗೆ ಬಾಯಿಗೆ ಬಂದ ಹಾಗೆ ಬೈಯುತ್ತಿದ್ದ, ದ್ಯಾಮಣ್ಣ ಕೈಮುಗಿದು ತನ್ನ ಪಾಯದಲ್ಲಿ ತಪ್ಪೇನಿದೆ ಎಂದು ತೂಕದ ಗುಂಡು ಇಳಿಬಿಟ್ಟು ತೋರಿಸುತ್ತಿದ್ದ. ನಾನು ಎಲ್ಲರನ್ನೂ ಸುಮ್ಮನಿರಿಸಿದೆ. ತೋಡಿದ ಗುಂಡಿಯನ್ನು ಬರಿದೇ ಮುಚ್ಚಬಾರದು, ಅದು ಕಾಯುತ್ತಿರುತ್ತದೆ ಎನ್ನುವುದು ನಮ್ಮವರ ನಂಬಿಕೆ. ಸರಿ, ಪಕ್ಕದ ಮನೆಯಿಂದ ಒಂದು ಬೂದುಗುಂಬಳಕಾಯಿ ತರಿಸಿದೆ. ಅದಕ್ಕೆ ಸ್ನಾನ ಮಾಡಿಸಿ, ಬಿಳಿ ಬಟ್ಟೆ ಸುತ್ತಿ, ನಾಲ್ಕು ಜನರ ಹೆಗಲ ಮೇಲೆ ಸೈಟಿಗೆ ಒಂದು ಸುತ್ತು ತಂದು ಮಣ್ಣು ಮಾಡಿಸಿದೆ. ಪುಟ್ಟಸಿದ್ದಮ್ಮ ಮನಸಾರೆ ಅತ್ತಳು. ಎಲ್ಲರೂ ತಲೆಗೆ ನೀರು ಹಾಕಿಕೊಂಡು ಮನೆಗೆ ಹೋದೆವು.

ಅಲ್ಲಿಗೆ ಮುಗಿಯಿತು ಎಂದುಕೊಂಡಿದ್ದೆ. ಮುಗಿಯಲಿಲ್ಲ. ಊರಿನ ಒಬ್ಬ ಮೇಸ್ತ್ರಿಯೂ ಹೊಳೆಯಾಚೆಯವರನ್ನು ಸೇರಿಸಿಕೊಳ್ಳಲು ತಯಾರಿರಲಿಲ್ಲ. "ಅವರು ಬಂದ್ರೆ ಮನೆ ಕಟ್ತಾರೋ ಗೋರಿ ಕಟ್ತಾರೋ?" ಎಂದು ಸುಣ್ಣದ ಗೂಡಿನ ಹತ್ತಿರ ನಗುತ್ತಿದ್ದರು. ಇತ್ತ ಚಿಕ್ಕೀರಯ್ಯನ ಅಣ್ಣ ದೊಡ್ಡೀರಯ್ಯನಿಗೆ ಇದೇ ಬೇಕಾಗಿತ್ತು. ತಮ್ಮನ ಮನೆ ತನ್ನದಕ್ಕಿಂತ ಎತ್ತರವಾದೀತು ಎಂದು ಅವನಿಗೆ ಮೊದಲಿಂದಲೂ ಹೊಟ್ಟೆಯುರಿ. ಗುಂಡಿ ತೋಡಿದ ಜಾಗದಲ್ಲಿ ನಾವು ಯಾರೂ ಕಾಲಿಡುವುದಿಲ್ಲ ಎಂದುಬಿಟ್ಟ. ಬಳಗವೆಲ್ಲ ಅವನ ಮಾತು ಕೇಳಿತು.

ಚಿಕ್ಕೀರಯ್ಯ ನನ್ನ ಕಟ್ಟೆಗೆ ಬಂದು ತಲೆ ಮೇಲೆ ಕೈಹೊತ್ತು ಕೂತ. "ಹೊಂಬಾಳಕ್ಕ, ನೀನು ಕಳಿಸಿದ ಆಳಿಂದ ನಂಗೆ ಜನ ಇಲ್ಲದಂಗಾಯ್ತು. ಮಾವನ ಮನೇಲಿ ಇಷ್ಟು ವರ್ಷ ಬಗ್ಗಿ ಬಗ್ಗಿ ಕತ್ತೇ ಹೋಯ್ತು. ಸ್ವಂತದ್ದು ಕಟ್ಟಿ ಒಂದು ದಿನ ನೆಟ್ಟಗೆ ನಿಂತ್ಕೋಬೇಕು ಅಂತಿದ್ದೆ. ಈಗ ನಾನು, ನನ್ನ ಹೆಂಡ್ತಿ, ಇಬ್ಬರೇ ನಿಂತ್ರೆ ಆ ಸೂರು ನನ್ನ ಎದೆಮಟ್ಟಕ್ಕೂ ಏಳಾಕಿಲ್ಲ."

ಅವನ ಕತ್ತು ನೋಡುತ್ತಾ ನೋಡುತ್ತಾ ನನಗೆ ಹೊಳೆಯಿತು. "ಜನ ಬೇಕು ತಾನೆ? ಗುಂಡಿ ತೋಡಿದೋರೇ ಬಂದು ನಿಂತ್ಕೋತಾರೆ ಬಿಡು," ಎಂದೆ.

"ಅವರು ನನಗೇನಾಗಬೇಕು? ನೆಂಟರು ನಿಂತ್ರೆ ತಾನೆ ಸೂರು ಏಳೋದು?"

"ಹಂಗಂತ ಯಾರು ಹೇಳಿದ್ರು? ಬೇರೆಯೋರನ್ನ ನಿಲ್ಲಿಸಿ ನೋಡಿದೋರು ಯಾರವ್ರೆ?"

ಯಾರೂ ಇರಲಿಲ್ಲ. ಹೊರಗಿನವರನ್ನು ಕರೆದು ನಿಲ್ಲಿಸುವುದು ನಮ್ಮಲ್ಲಿ ಮರ್ಯಾದೆಗೇಡು, ಜನವಿಲ್ಲದವನು ಎಂದು ಡಂಗುರ ಹೊಡೆಸಿದ ಹಾಗೆ. ಆದರೆ ಚಿಕ್ಕೀರಯ್ಯನ ಮರ್ಯಾದೆಗಿಂತ ಅವನ ಕತ್ತು ಹೆಚ್ಚು ನೋಯುತ್ತಿತ್ತು. ಸಣ್ಣತಮ್ಮಯ್ಯನನ್ನು ಒಪ್ಪಿಸಲು ನಾನು ಒಂದು ಇಡೀ ಬೆಳಗು ಅವನ ತಲೆ ತಿಂದೆ. ಕೊನೆಗೆ ಅವನು, "ಸೂರು ಎದ್ದು ಮೂಲೆ ನೆಲ ಮುಟ್ಟಿದ್ರೆ ಅವರನ್ನೆಲ್ಲ ಕೆಲಸಕ್ಕೆ ತಗೋತೀನಿ, ಗುಂಡಿ ಗೌಂಡೀನೂ ಸೇರಿಸಿ. ಏಳದಿದ್ರೆ ಇನ್ನು ಮುಂದೆ ನನ್ನ ಹತ್ರ ಅವರ ಸುದ್ದಿ ಎತ್ತಬಾರದು," ಎಂದ. ಆಗಲೇ ಮೋಡ ಕಟ್ಟಲು ಶುರುವಾಗಿತ್ತು. ಪಂಚಾಯ್ತಿಯವರು ಗಾಡಿಗಳಿಗೆ ಹೇಳಿಟ್ಟಾಗಿದೆ ಎಂಬ ಸುದ್ದಿಯೂ ನನ್ನ ಕಿವಿಗೆ ಬಿದ್ದಿತ್ತು.

ಕೆಲಸ ಆದ ಹಾಗೆಯೇ ಎಂದು ನಾನು ಖುಷಿಯಲ್ಲಿ ಸಂತೆಮಾಳಕ್ಕೆ ಹೋದೆ. ಸುಮ್ಮನೆ ನಿಲ್ಲುವ ಕೆಲಸ. ಮುದುಕರೂ ಮಾಡಬಹುದು, ಮಕ್ಕಳೂ ಮಾಡಬಹುದು. ಹೋಗಿ ನೋಡಿದರೆ ಶೆಡ್ಡುಗಳೆಲ್ಲ ಖಾಲಿ. ಗಂಟುಮೂಟೆ ಮಾತ್ರ ಒಳಗಿತ್ತು. ಮೂರು ಕಡೆ ಗೋಡೆ, ಮೇಲೆ ಗಟ್ಟಿಯಾದ ತಗಡು ಇದ್ದರೂ ಜನ ಹೊರಗೆ ಸುಡುವ ನೆಲದ ಮೇಲೆ ಚಾಪೆ ಹಾಸಿಕೊಂಡು ಕೂತಿದ್ದರು. ಒಲೆ ಹೊರಗೆ, ಹಾಸಿಗೆ ಹೊರಗೆ, ತೊಟ್ಟಿಲನ್ನು ಸಹ ಹೊರಗಿನ ಬೇವಿನ ಕೊಂಬೆಗೆ ಕಟ್ಟಿದ್ದರು. ಬಂದು ಅಷ್ಟು ದಿನವಾದರೂ ಒಬ್ಬರೂ ಒಳಗೆ ಮಲಗಿರಲಿಲ್ಲ.

ನಾನು ವಿಷಯ ಹೇಳಿದೆ. ದ್ಯಾಮಣ್ಣ ಎದ್ದು ನಿಂತ. "ಹೊರಗ ಯಾವ ಕೆಲಸ ಕೊಟ್ರೂ ಮಾಡ್ತೀನ್ರಿ ಅಕ್ಕಾರ. ಕಲ್ಲ ಹೊರ್ತೀನಿ, ಮಣ್ಣ ಹೊರ್ತೀನಿ. ಗ್ವಾಡಿ ಇಲ್ಲದ ಮಾಳಿಗಿ ಕೆಳಗ ಮಾತ್ರ ನಾ ನಿಂದ್ರೂದಿಲ್ಲ. ನಮ್ಮ ಮಂದೀನೂ ನಿಂದ್ರಗೊಡೂದಿಲ್ಲ."

ನನಗೆ ಸಿಟ್ಟು ಬಂತು. "ಅಲ್ಲಯ್ಯ, ನಮ್ಮೂರಲ್ಲಿ ಇವತ್ತಿನ ತನಕ ಒಂದು ಸೂರು ಯಾರ ಮೇಲಾದ್ರೂ ಬಿದ್ದಿದ್ದು ಉಂಟಾ? ಕೆಲಸ ಕೊಡಿಸ್ತೀನಿ ಅಂದ್ರೆ ಬಿಂಕ ಮಾಡ್ತೀಯಲ್ಲ! ಉಪ್ಪಿನ ಬಯಲಲ್ಲಿ ನಿನಗೆ ಯಾರು ಮಾಳಿಗೆ ಕಟ್ಟಿ ಇಟ್ಟವ್ರೆ?" ಎಂದು ಕೂಗಾಡಿದೆ. ಅವನು ಬೇವಿನ ಮರದ ಆಚೆಗೆ ಹೋಗಿ ನಿಂತ.

ಫಕೀರವ್ವ ನನ್ನ ಕೈ ಹಿಡಿದು ಚಾಪೆಯ ಮೇಲೆ ಕೂರಿಸಿದಳು. "ಬೈಬ್ಯಾಡ್ರಿ. ನಮ್ಮ ಮನಿ ಅವನ ಕಟ್ಟಿದ್ದ. ಮಾಳಿಗೀನೂ ಅವನ ಹಾಕಿದ್ದ. ತೋಪಿನ ಗುಂಡು ಬಿದ್ದಾಗ ಅವ್ವ ಒಳಗ ರೊಟ್ಟಿ ಬಡೀತಿದ್ಲು. ನಾವಿಬ್ಬರೂ ಅಂಗಳದಾಗ ಇದ್ವಿ. ಓಣಿ ಪೂರ್ತಿ ಹಂಗ ಕುಸೀತು. ಇಲ್ಲಿ ಕುಂತಾರಲ್ಲ, ಇವರ ಮನಿಗೋಳೂ ಅವನ ಕಟ್ಟಿದ್ದು. ನಾ ಕಟ್ಟಿದ್ದು ನನ್ನ ಮಂದೀನ ತಿಂತು ಅಂತ ಅವ ದಿನಾ ಒಳಗೊಳಗ ಸಾಯ್ತಾನ."

ನಾನು ಅತ್ತುಬಿಟ್ಟೆ. ಅಳುವ ಹೆಂಗಸಲ್ಲ ನಾನು, ಗಂಡ ಹೋದಾಗಲೂ ಊರಿನ ಮುಂದೆ ಅತ್ತಿರಲಿಲ್ಲ. ಅವತ್ತು ಆ ಚಾಪೆಯ ಮೇಲೆ ಕೂತು ಸೆರಗು ಒದ್ದೆಯಾಗುವಷ್ಟು ಅತ್ತೆ. ಫಕೀರವ್ವ ನೀರು ತಂದುಕೊಟ್ಟಳು. ನಾನು ಕುಡಿದು ಎದ್ದು ಹೊರಡಲು ನೋಡಿದರೆ ಅವಳು ಬಿಡಲಿಲ್ಲ.

"ಅಲ್ರಿ, ನಿಂದ್ರೂದಕ್ಕ ಕೂಲಿ ಕೊಡ್ತಾರೇನು?" ಎಂದಳು.

"ನೆಂಟರಿಗೆ ಊಟ ಹಾಕೋದು ವಾಡಿಕೆ ಕಣವ್ವ."

"ನಾವು ನೆಂಟರಲ್ಲಲ್ರಿ. ಊಟಕ್ಕ ನಿಂತ್ರ ಭಿಕ್ಷಾ ಆಗ್ತೈತಿ. ಕೂಲಿಗೆ ನಿಂತ್ರ ಕೆಲಸ ಆಗ್ತೈತಿ. ಕೂಲೀನೂ ಬೇಕು, ಊಟಾನೂ ಬೇಕು."

"ಊಟದಾಗ ಹುಳಿ ಕಡಿಮಿ ಇರ್ಲಿ, ನನಗ ಆಗಿ ಬರೂದಿಲ್ಲ," ಎಂದಳು ಪಕ್ಕದ ಚಾಪೆಯಲ್ಲಿ ಮಲಗಿದ್ದ ಮುದುಕಿ ಇಮಾಮಬಿ, ಕಣ್ಣು ಬಿಡದೆಯೇ. "ಮತ್ತ ನಿಂದ್ರಾಕ ನನ್ನ ಕಡಿಂದ ಆಗಂಗಿಲ್ಲ. ಕುಂತ್ರ ನಡೀತೈತೇನು ಕೇಳ್ರಿ."

ಕೂಲಿಗೂ ಊಟಕ್ಕೂ ಚಿಕ್ಕೀರಯ್ಯನನ್ನು ಒಪ್ಪಿಸಿದೆ. ಸೂರೆತ್ತುವ ದಿನ ಬೆಳಗಿನಿಂದಲೇ ಮೋಡ ತಗ್ಗಿಗೆ ಬಂದಿತ್ತು. ಚಿಕ್ಕೀರಯ್ಯ, ಪುಟ್ಟಸಿದ್ದಮ್ಮ, ನಾನು ಸೂರಿನ ಕೆಳಗೆ ನುಸುಳಿದೆವು. ಅದು ಒಂದಿಷ್ಟು ಎದ್ದು ಚಿಕ್ಕೀರಯ್ಯನ ಎದೆಗೂ ಬಾರದೆ ನಿಂತುಬಿಟ್ಟಿತು. ಬೀದಿಯ ಆಚೆ ಬದಿಯಲ್ಲಿ ದೊಡ್ಡೀರಯ್ಯ ಬಳಗ ಕಟ್ಟಿಕೊಂಡು, ಕೈಕಟ್ಟಿ, ನಾಟಕ ನೋಡುವವರ ಹಾಗೆ ನಿಂತಿದ್ದ. ಹೊಳೆಯಾಚೆಯವರು ಬಂದರು. ಬಂದು ಸೂರಿನ ಅಂಚಿಗೆ ಒಂದು ಮಾರು ದೂರದಲ್ಲಿ ಸಾಲಾಗಿ ನಿಂತರು. ಹೆಜ್ಜೆ ಮುಂದಕ್ಕೆ ಹೋಗಲಿಲ್ಲ. ಒಬ್ಬ ಹೆಂಗಸಿನ ಸೊಂಟದಲ್ಲಿದ್ದ ಮಗು ಸೂರನ್ನು ನೋಡಿ ಅಳತೊಡಗಿತು. ದ್ಯಾಮಣ್ಣ ಎಲ್ಲರಿಗಿಂತ ಹಿಂದೆ, ಬಿಳಿಚಿಕೊಂಡು ನಿಂತಿದ್ದ.

ನಾನು ಏನೋ ಕೂಗಬೇಕೆಂದು ಬಾಯಿ ತೆರೆದೆ. ಜೀವಮಾನದಲ್ಲಿ ಮೊದಲ ಸಲ ಮಾತು ಹೊರಡಲಿಲ್ಲ. ಏನು ಹೇಳಲಿ? ಬೀಳುವುದಿಲ್ಲ ಎಂದು ಅವರಿಗೆ ಹಿಂದೆಯೂ ಯಾರೋ ಹೇಳಿಯೇ ಇದ್ದರು.

ಫಕೀರವ್ವ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು. ತಮ್ಮನ ಕಡೆ ತಿರುಗಲಿಲ್ಲ. ಬಗ್ಗಿ, ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡು ಒಳಗೆ ಬಂದಳು. ಬಂದವಳು ನನ್ನ ತೋಳನ್ನು ಉಗುರು ಇಳಿಯುವಷ್ಟು ಹಿಡಿದಳು. ಒಂದು ಉಸಿರು ಎಳೆದುಕೊಳ್ಳುವಷ್ಟು ಹೊತ್ತು ಏನೂ ಆಗಲಿಲ್ಲ. ಆಮೇಲೆ ತೊಲೆ ಸಣ್ಣಗೆ ಕಿರ್ರೆಂದಿತು. ಸೂರು ಎದ್ದಿತು, ನೆಂಟರು ನಿಂತರೆ ಹೇಗೆ ಏಳುತ್ತದೋ ಹಾಗೆಯೇ.

"ನೋಡ್ದಾ ಚಿಕ್ಕೀರಯ್ಯ!" ಎಂದು ನಾನು ಕೂಗಿದೆ. ನನ್ನ ಬಾಯಿ ವಾಪಸು ಬಂದಿತ್ತು.

ಇಮಾಮಬಿ ಕೋಲೂರಿಕೊಂಡು ಬಂದು, ಯಾರನ್ನೂ ಕೇಳದೆ ನಟ್ಟನಡುವೆ ಕೂತಳು. ಸೂರು ಕೂತವರನ್ನೂ ಲೆಕ್ಕಕ್ಕೆ ಹಿಡಿಯಿತು. ಆಮೇಲೆ ಒಬ್ಬೊಬ್ಬರೇ, ಕೈಕೈ ಹಿಡಿದುಕೊಂಡು, ಕೆಲವರು ದೇವರ ಹೆಸರು ಹೇಳುತ್ತಾ, ಕೆಲವರು ಅಳುತ್ತಾ ಒಳಗೆ ಬಂದರು. ಸೂರು ಚಿಕ್ಕೀರಯ್ಯನ ಗಲ್ಲ ದಾಟಿತು, ಹಣೆ ದಾಟಿತು. ಅವನು ನಿಧಾನವಾಗಿ ಬೆನ್ನು ನೇರ ಮಾಡಿದ. ಕತ್ತೆತ್ತಿ ಮೇಲೆ ನೋಡಿ, ಕೈಯೆತ್ತಿದ. ಕೈಗೂ ತೊಲೆ ಸಿಗಲಿಲ್ಲ. ಅಷ್ಟುದ್ದದ ಮನುಷ್ಯ ಮಗುವಿನ ಹಾಗೆ ನಗತೊಡಗಿದ. ಬೀದಿಯಾಚೆ ದೊಡ್ಡೀರಯ್ಯನ ಮುಖ ಇಂಗು ತಿಂದ ಮಂಗನ ಹಾಗಾಗಿತ್ತು. ಒಳಗೆ ಬಾರದೆ ಉಳಿದವನು ದ್ಯಾಮಣ್ಣ ಒಬ್ಬನೇ.

ಸಣ್ಣತಮ್ಮಯ್ಯ ಆಳುಗಳನ್ನು ಅಟ್ಟಣಿಗೆ ಹತ್ತಿಸಿ ಈಶಾನ್ಯ ಮೂಲೆ ಇಳಿಸಲು ಶುರುಮಾಡಿದ. ಇಷ್ಟೆತ್ತರದ ಸೂರಿಗೆ ಸಂಜೆಯ ತನಕ ಕೆಲಸ. ಆದರೆ ಮಧ್ಯಾಹ್ನದ ಹೊತ್ತಿಗೆ ಗಾಳಿ ಎದ್ದಿತು. ಪಡುವಲಲ್ಲಿ ಮೋಡ ಕಪ್ಪಾಯಿತು. ಹಸಿ ಗಾರೆಯ ಮೇಲೆ ಮಳೆ ಬಿದ್ದರೆ ಇಳಿಸಿದ ಇಟ್ಟಿಗೆಗಳೆಲ್ಲ ಕಳಚಿಕೊಳ್ಳುತ್ತವೆ. ಮೂಲೆ ನೆಲ ಮುಟ್ಟುವ ಮೊದಲೇ ಮಳೆ ಬಂದರೆ ಕೆಲಸವೂ ಇಲ್ಲ, ಊರೂ ಇಲ್ಲ ಎನ್ನುವುದು ಒಳಗಿದ್ದ ಎಲ್ಲರಿಗೂ ಗೊತ್ತಿತ್ತು. ಗಾಳಿಗೆ ಸೂರು ತುಸು ತೂಗಾಡಿತು. ಒಳಗಿದ್ದವರು ಚೀರಿದರು.

ದ್ಯಾಮಣ್ಣ ಓಡಿಬಂದ. ಅಕ್ಕನ ಮೇಲೆ, ಓಣಿಯವರ ಮೇಲೆ ತೂಗಾಡುತ್ತಿದ್ದ ಸೂರನ್ನು ಒಮ್ಮೆ ನೋಡಿದ. ಮೂಲೆಯ ಕೆಳಗೆ ಮಂಡಿಯೂರಿ ಕೂತು ನೆಲದ ಮೇಲೆ ಒಂದು ಇಟ್ಟಿಗೆ ಇಟ್ಟ. ಗಾರೆ ಹಚ್ಚಿ ಅದರ ಮೇಲೆ ಇನ್ನೊಂದು ಇಟ್ಟ.

"ಏಯ್! ಏನೋ ಮಾಡ್ತಿದೀಯ? ಕೆಳಗಿಂದ ಕಟ್ತಾರೇನೋ ಯಾರಾದ್ರೂ?" ಎಂದು ಸಣ್ಣತಮ್ಮಯ್ಯ ಅಟ್ಟಣಿಗೆಯ ಮೇಲಿಂದ ಅರಚಿದ.

"ನಾ ಕಟ್ತೀನ್ರಿ," ಎಂದ ದ್ಯಾಮಣ್ಣ, ತಲೆಯೆತ್ತದೆ. "ನೀವು ಇಳೀರಿ, ನಾ ಏರ್ತೀನಿ."

"ಗುಂಡಿ ತೋಡ್ತಿಲ್ಲ ತಾನೆ? ಕಟ್ಲಿ ಬಿಡೋ!" ಎಂದು ನಾನು ಒಳಗಿಂದ ಕೂಗಿದೆ. "ನಂದು ಮನೆ, ಕಟ್ಲಿ!" ಎಂದು ಚಿಕ್ಕೀರಯ್ಯನೂ ಕೂಗಿದ. ಮೇಸ್ತ್ರಿ ಆಕಾಶ ನೋಡಿದ, ತನ್ನ ಕೈ ನೋಡಿಕೊಂಡ, ಬೈಯುತ್ತಲೇ ಮುಂದಿನ ಇಟ್ಟಿಗೆ ಎತ್ತಿಕೊಂಡ. ಆಮೇಲೆ ಅವನಿಗೂ ಬೈಯಲು ಪುರಸೊತ್ತಾಗಲಿಲ್ಲ. ಅಂಥ ಕೆಲಸವನ್ನು ನಾನು ಕಂಡಿರಲಿಲ್ಲ. ಮೇಲಿಂದ ಒಬ್ಬ, ಕೆಳಗಿಂದ ಒಬ್ಬ, ನಡುವಿನ ಖಾಲಿ ಜಾಗ ನೋಡನೋಡುತ್ತಿದ್ದಂ‌ತೆ ಕಿರಿದಾಗುತ್ತಿತ್ತು. ಒಳಗೆ ನಿಂತವರ ಕಾಲು ಸೋತಿದ್ದವು. ಫಕೀರವ್ವ ಮಕ್ಕಳನ್ನು ಗದರಿಸಿ ಕೂರಿಸಿದಳು. ಇಮಾಮಬಿ ಊಟ ಯಾವಾಗ ಎಂದು ಕೇಳುತ್ತಿದ್ದಳು.

ಕೊನೆಗೆ ಒಂದೇ ಒಂದು ಇಟ್ಟಿಗೆಯ ಜಾಗ ಉಳಿಯಿತು. ದ್ಯಾಮಣ್ಣ ಇಟ್ಟಿಗೆ ಹಿಡಿದು ತೂರಿಸಲು ನೋಡಿದ. ಹೋಗಲಿಲ್ಲ. ಕೂದಲೆಳೆಯಷ್ಟಲ್ಲ, ಒಂದು ಬೆರಳಷ್ಟು ಜಾಗ ಕಡಿಮೆ ಬಿದ್ದಿತ್ತು. ಇಟ್ಟಿಗೆಯನ್ನು ಕೆತ್ತಿ ತುರುಕಬಹುದಿತ್ತು. ಆದರೆ ಮೂಲೆಗೆ ಒಡೆದ ಇಟ್ಟಿಗೆ ಇಟ್ಟರೆ ಮೊದಲ ಗಾಳಿಗೇ ಬಿರುಕು. ಅದು ನಮ್ಮ ಮೇಸ್ತ್ರಿಗಳಿಗೂ ಗೊತ್ತು, ಹೊಳೆಯಾಚೆಯ ಗೌಂಡಿಗಳಿಗೂ ಗೊತ್ತು.

"ಒಳಗೆ ಇನ್ನೊಬ್ಬರು ಬೇಕು," ಎಂದ ಸಣ್ಣತಮ್ಮಯ್ಯ ಮೆಲ್ಲಗೆ. ಅವನ ಆಳುಗಳು ಗಾಳಿಗೆ ಅಲ್ಲಾಡುತ್ತಿದ್ದ ಮೂಲೆಯನ್ನು ಅಟ್ಟಣಿಗೆಯ ಮೇಲಿಂದ ಅವುಚಿ ಹಿಡಿದಿದ್ದರು. ಒಬ್ಬ ಬಿಟ್ಟರೂ ಎಲ್ಲ ಹೋಗುತ್ತಿತ್ತು. ಚಿಕ್ಕೀರಯ್ಯ ಬೀದಿಯ ಕಡೆ ತಿರುಗಿದ. "ಅಣ್ಣಯ್ಯ, ಒಂದು ಗಳಿಗೆ ಬಾ. ಒಂದೇ ಒಂದು ಗಳಿಗೆ," ಎಂದ. ದೊಡ್ಡೀರಯ್ಯ ಆಕಾಶ ನೋಡಿದ. ಅವನ ಹಿಂದಿದ್ದವರು ದೊಡ್ಡೀರಯ್ಯನ ಬೆನ್ನು ನೋಡಿದರು. ಒಬ್ಬರೂ ಕದಲಲಿಲ್ಲ. ದೂರದಲ್ಲಿ ಗುಡುಗಿತು.

ದ್ಯಾಮಣ್ಣ ಮಂಡಿಯೂರಿದ್ದವನು ಎದ್ದ. ಇಟ್ಟಿಗೆಯನ್ನು ಸಣ್ಣತಮ್ಮಯ್ಯನ ಕೈಗೆ ಕೊಟ್ಟ. ಕರಣೆಯನ್ನು ಬಾಂಡ್ಲಿಯಲ್ಲಿ ಇಟ್ಟು, ಕೈಯನ್ನು ಪಂಚೆಗೆ ಒರೆಸಿಕೊಂಡು ಸೂರಿನ ಅಂಚಿನ ತನಕ ಬಂದು ನಿಂತ. ಬಾ ಎಂದು ನಾನು ಹೇಳಲಿಲ್ಲ. ಫಕೀರವ್ವನೂ ಹೇಳಲಿಲ್ಲ. ಅವಳು ತನ್ನ ಪಕ್ಕದಲ್ಲಿದ್ದವರನ್ನು ಸ್ವಲ್ಪ ಸರಿಸಿ ಒಬ್ಬರಿಗಾಗುವಷ್ಟು ಜಾಗ ಮಾಡಿದಳು, ಅಷ್ಟೆ.

ಅವನು ಒಳಗೆ ಬಂದ. ಅಕ್ಕನ ಪಕ್ಕದಲ್ಲಿ ನಿಂತು, ಅವಳ ತಲೆಯ ಮೇಲೆ ತನ್ನ ಎರಡೂ ಅಂಗೈಗಳನ್ನು ಕೊಡೆಯ ಹಾಗೆ ಹಿಡಿದ. ಅವನ ಕೈ ಸೂರಿಗೆ ಮುಟ್ಟುವ ಮಾತೇ ಇರಲಿಲ್ಲ, ಅದು ಅಷ್ಟು ಎತ್ತರದಲ್ಲಿತ್ತು. ಆದರೂ ಹಿಡಿದೇ ಇದ್ದ. ತೊಲೆ ಕಿರ್ರೆಂದಿತು. ಸೂರು ಒಬ್ಬ ಮನುಷ್ಯನ ಪಾಲಿನಷ್ಟು ಎದ್ದಿತು. ಸಣ್ಣತಮ್ಮಯ್ಯ ಇಟ್ಟಿಗೆಯನ್ನು ಗಾರೆಯ ಮೇಲೆ ಜಾರಿಸಿ ಕರಣೆಯ ಹಿಡಿಯಿಂದ ಕುಟ್ಟಿದ. "ಮುಟ್ತು!" ಎಂದು ಕೂಗಿದ. ಹೊರಗಿನಿಂದ ಅವನ ಆಳುಗಳು ಸಿಳ್ಳೆ ಹೊಡೆದರು. ಚಿಕ್ಕೀರಯ್ಯ ನನ್ನನ್ನು ಎತ್ತಿ ಒಂದು ಸುತ್ತು ತಿರುಗಿಸಿದ, ನಾನು ಅವನಿಗೆ ಚೆನ್ನಾಗಿ ಬೈದೆ.

ಮಳೆ ಬಿತ್ತು. ಮೊದಲು ಹೆಂಚಿನ ಮೇಲೆ ಒಂದೊಂದೇ ಹನಿ, ಆಮೇಲೆ ಕಿವಿಗಡಚಿಕ್ಕುವಂತೆ. ಆಳುಗಳು ಮೂಲೆಗೆ ತಾಡಪಾಲು ಸುತ್ತಿ ಕಟ್ಟಿದರು. ಬೀದಿಯಾಚೆ ನಿಂತಿದ್ದವರು ಸೆರಗು, ಟವೆಲ್ಲು ತಲೆಗೆ ಹಾಕಿಕೊಂಡು ಓಡಿದರು. ಪೂರಾ ನೆನೆದಿದ್ದ ಸಣ್ಣತಮ್ಮಯ್ಯ ಅಂಚಿನಲ್ಲಿ ನಿಂತು ಒಳಗೆ ಇಣುಕಿದ. "ಮೂಲೆ ಮುಟ್ಟಾಯ್ತಲ್ಲ, ಇನ್ನು ಹೊರಗೆ ಬರಬಹುದು ಎಲ್ಲಾರೂ. ಏಯ್ ಗೌಂಡಿ, ಕೈ ಇಳ್ಸಯ್ಯ, ಅದು ನಿಂತಾಯ್ತು. ನಾಳೆ ಹೊತ್ತಿಗೆ ಮುಂಚೆ ಬಂದ್ಬಿಡು. ಉಳಿದ ಮೂಲೆಗಳು ಬಾಕಿ ಅವೆ, ಕೆಳಗಿಂದ ನೀನೇ ಹಿಡೀಬೇಕು."

ದ್ಯಾಮಣ್ಣ ಕೈ ಇಳಿಸಿದ. ಮೇಲೆ ನೋಡಿದ. ತುಂಬಾ ಹೊತ್ತು ನೋಡಿದ. ಸುತ್ತ ಅವನ ಓಣಿಯವರೆಲ್ಲ ಇದ್ದರು, ಯಾರೂ ಹೊರಗೆ ಹೋಗಲು ಅವಸರ ಮಾಡುತ್ತಿರಲಿಲ್ಲ.

"ಬರ್ತೀನ್ರಿ ಮೇಸ್ತ್ರಿ," ಎಂದ. "ಈಗ ಮಾತ್ರ ಒಂದೀಟು ಹೊತ್ತು ಇಲ್ಲೇ ಕುಂದರ್ತೀವ್ರಿ."

ಹೇಳಿ, ಅಕ್ಕನ ಪಕ್ಕದಲ್ಲಿ ಕಾಲು ಚಾಚಿ ಕೂತ.